ಮಾಳಿಗೆ ಮೇಲಿನ ದಾರಿ

ರೇಷ್ಮೆ ಊರಾದ ವಿಜಯಪುರದ ಆ ಬೀದಿಯಲ್ಲಿ ಏಳು ಮನೆ. ಏಳಕ್ಕೂ ಒಂದಕ್ಕೊಂದು ಅಂಟಿಕೊಂಡ ಮಣ್ಣಿನ ಮಾಳಿಗೆ, ನಡೆದಾಡಬಹುದಾದ ಮಟ್ಟಸ ಸೂರು. ಬೀದಿಗಿಳಿಯಬೇಕಾದರೆ ಹೆಂಗಸರಿಗೆ ಬುರ್ಖಾ ಬೇಕು, ಜೊತೆಗೊಬ್ಬ ಗಂಡಸು ಬೇಕು, ಅವನಿಗೆ ಪುರುಸೊತ್ತೂ ಬೇಕು. ಮಾಳಿಗೆಗೆ ಏಣಿ ಒಂದಿದ್ದರೆ ಸಾಕಿತ್ತು. ಉಪ್ಪಿನಕಾಯಿ, ಜಗಳ, ಹೆರಿಗೆಯ ಸುದ್ದಿ ಎಲ್ಲ ಆ ದಾರಿಯಲ್ಲೇ ಓಡಾಡುತ್ತಿದ್ದವು. ನಾಲ್ಕನೆಯ ಮನೆಯ ಹಮೀದಾ ದಿನಾ ಮಧ್ಯಾಹ್ನ ಅದೇ ದಾರಿಯಲ್ಲಿ ಏಳನೆಯ ಮನೆಗೆ ಹೋಗಿ, ಮುದುಕಿ ಅನ್ವರ್ ಬೇಗಂಳ ಅಂಗಳದಲ್ಲಿ ಐದು ಹುಡುಗಿಯರಿಗೆ ಓದು ಕಲಿಸುತ್ತಿದ್ದಳು. ನಾಲ್ಕು ಜನರೆದುರು ಬಾಯಿ ಬಿಡದವಳು ಅಲ್ಲಿ ಬೆತ್ತ ಹಿಡಿದು ಕೂರುತ್ತಿದ್ದಳು.

ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಮಾರಿ ಅವಳ ಅಣ್ಣ ನೂರ್ ಅಹಮದನ ಜೇಬು ಬೆಚ್ಚಗಾಗಿತ್ತು. ಯುದ್ಧ ಮುಗಿದ ಮರುವರ್ಷ, ಮೊದಲ ಮಳೆಗೇ ಪಡಸಾಲೆ ಸೋರಿತು.

"ಈ ಮಣ್ಣು ತೆಗೆಸಿ ಮಂಗಳೂರು ಹೆಂಚು ಹಾಕಿಸ್ತೀನಿ," ಅಂದ. "ಇಳಿಜಾರು ಸೂರು. ನೀರು ನಿಲ್ಲೋ ಮಾತೇ ಇಲ್ಲ."

ಅದರ ಮೇಲೆ ನಡೆಯುವ ಮಾತೂ ಇಲ್ಲ ಅಂತ ಹಮೀದಾಗೆ ಹೊಳೆಯಿತು. ಏಳರ ನಟ್ಟನಡುವಿನ ಮನೆ ಅವರದೇ, ದಾರಿ ಸರಿಯಾಗಿ ಸೊಂಟದಲ್ಲೇ ಮುರಿಯುತ್ತಿತ್ತು.

"ರಿಪೇರಿ ಮಾಡಿದ್ರೆ ಸಾಲ್ದಾ ಭಾಯ್?"

"ಮಣ್ಣು ಹೊತ್ತು ತುಳಿಯೋಕೆ ಆಳೆಲ್ಲಿದ್ದಾರೆ ಈಗ? ನೀನು ತುಳೀತೀಯಾ?" ನಗುತ್ತಾ ಹೋದ.

ಅಗಸರಿಗೆ ಬಟ್ಟೆ ಒಗೆಯುವ ಚೌಳು ಮಣ್ಣು ಹೊತ್ತು ಮಾರುವ ಮುತ್ತಮ್ಮನನ್ನು ಹಮೀದಾ ಮೇಲೆ ಹತ್ತಿಸಿದಳು. ಮುತ್ತಮ್ಮ ಗುದ್ದಲಿ ಕಾವಿನಿಂದ ಅಲ್ಲಲ್ಲಿ ಕುಟ್ಟಿ ನೋಡಿದಳು.

"ತೊಲೆ ಕಲ್ಲಿದ್ದಂಗೈತೆ ಕಣವ್ವ. ಮೂರೊರ್ಸದಿಂದ ಮಣ್ಣು ಹಾಕಿಲ್ಲ, ಗರಿಕೆ ಬೇರಿಳಿದು ಬಾಯಿ ಬಿಟ್ಟೈತೆ. ಅದನ್ನ ಕಿತ್ತು, ಚೌಳು ಸುರ್ದು ಗಟ್ಟಿಯಾಗಿ ತುಳುದ್ರೆ ಹನಿ ನೀರೂ ಇಳಿಯಲ್ಲ. ಒಬ್ರು ಕಾಲಲ್ಲಿ ಆಗೋ ಕೆಲ್ಸ ಅಲ್ಲ ಮತ್ತೆ."

ಎರಡು ದಿನ ಇಬ್ಬರೂ ಗರಿಕೆ ಕಿತ್ತರು; ಹಮೀದಾ ಮನೆಮನೆಗೂ ಹೇಳಿಬಂದಳು. ಶುಕ್ರವಾರ ಗಂಡಸರೆಲ್ಲ ನಮಾಜಿಗೆ ಹೋಗುತ್ತಲೇ ಏಳು ಮನೆಗಳ ಹೆಂಗಸರೂ ಸಲ್ವಾರು ಮಡಚಿಕೊಂಡು ಆ ಮಾಳಿಗೆ ಮೇಲೆ ಚೌಳು ತುಳಿಯತೊಡಗಿದರು.

ನಮಾಜು ಮುಗಿಸಿ ಬಂದ ನೂರ್ ಅಹಮದ್ ಟೋಪಿ ತೆಗೆಯದೆ ಅಂಗಳದಲ್ಲೇ ನಿಂತುಬಿಟ್ಟ. "ಹಮೀದಾ, ಇಳಿ ಕೆಳಗೆ."

"ಆಳು ಸಿಗಲ್ಲ ಅಂದಿದ್ದೆಯಲ್ಲ ಭಾಯ್. ಸಿಕ್ಕಿದ್ದಾರೆ." ಅವಳು ತುಳಿಯುವುದನ್ನು ನಿಲ್ಲಿಸಲಿಲ್ಲ.

ಅನ್ವರ್ ಬೇಗಂ ಮಾಳಿಗೆಯ ಅಂಚಿನಿಂದ ಬಗ್ಗಿ ನೋಡಿದಳು. "ಲೇ ನೂರೂ, ನಿಮ್ಮಮ್ಮನಿಗೆ ಹಾಲಿಲ್ಲದಾಗ ನಿಂಗೆ ಕುಡಿಸೋಕೆ ನಾನು ಇದೇ ಮಾಳಿಗೆ ದಾಟಿ ಬರ್ತಿದ್ದೆ. ಆಗ ಹೆಂಚಿದ್ದಿದ್ರೆ ನೀನು ಹಸ್ಕೊಂಡೇ ಬಿದ್ದಿರ್ತಿದ್ದೆ."

"ಒಳಗೆ ಹೋಗಿ ನಿಂತ್ಕೋ ಭಾಯ್," ಅಂದಳು ಹಮೀದಾ. "ನೀರು ಸುರೀತೀವಿ. ಸೋರಿದ್ರೆ ಹೆಂಚು ನಾನೇ ಎತ್ತಿ ಕೊಡ್ತೀನಿ."

ಆರು ಕೊಡ ಸುರಿದರು. ಒಳಗಿನಿಂದ ತಾಯಿ ಜೈಬುನ್ನೀಸಾಳ ದನಿ ಬಂತು: "ಏನೂ ಬೀಳ್ತಿಲ್ಲ ಕಣೇ. ಮೇಲೆ ನೋಡಿ ನೋಡಿ ಇವನ ಕತ್ತು ನೋಯ್ತಿದೆ ಅಷ್ಟೇ."

ನೂರ್ ಅಹಮದ್ ಹೊರಗೆ ಬಂದ. ಮುಖ ಕೆಂಪಾಗಿತ್ತು. "ಹೆಂಚಿಗೆ ಹೇಳಾಗಿದೆ. ಸೋಮವಾರ ಗಾಡಿ ಬಂದೇ ಬರುತ್ತೆ."

"ಬರಲಿ." ಹಮೀದಾ ಅನ್ವರ್ ಬೇಗಂ ಕಡೆ ತಿರುಗಿದಳು. "ಸೋಮವಾರದಿಂದ ಪಾಠ ಈ ಮಾಳಿಗೆ ಮೇಲೇ. ಹುಡುಗೀರನ್ನ ಬೆಳಿಗ್ಗೆನೇ ಕಳಿಸಿ."

"ಊಟ?"

"ಕಟ್ಟಿ ಕಳಿಸಿ. ಗಾಡಿ ವಾಪಸ್ ಹೋಗೋವರೆಗೂ ನಾವಿಳಿಯಲ್ಲ."