ಗಾಳಿಯಂತ್ರದ ಸೋಮವಾರ

ತಿರುಗುವ ಗಾಳಿಯಂತ್ರವನ್ನು ತಿರುಗುವುದಿಲ್ಲ ಎಂದು ಸರಕಾರದ ಸಾಹೇಬರು ಬರೆದುಕೊಂಡು ಹೋದರು. ಮುಂದಿನ ತಿಂಗಳು ಅದನ್ನು ಬಿಚ್ಚಿ ಒಯ್ಯಲು ಬಾಗಲಕೋಟೆಯಿಂದ ಲಾರಿ ಬಂತು. ಅದು ೧೯೮೫ರ ಆಷಾಢ.

ಯಂತ್ರ ನಿಂತಿದ್ದು ಅಮೀನಗಡದಾಚೆ, ಶಿವಲಿಂಗವ್ವನ ಬಾವಿಯ ಮೇಲೆ. ಸರಕಾರವೇ ಪರೀಕ್ಷೆಗೆಂದು ಹಾಕಿಸಿದ್ದು. ಅದರ ನೀರಿನಿಂದಲೇ ಅವಳ ಮೆಣಸಿನ ಗಿಡಗಳೂ ಪಕ್ಕದ ಹೊಲದ ರಾಜಮಹ್ಮದನ ಬದನೆಯೂ ಬದುಕಿದ್ದವು. ಮೊದಲು ಆ ಬಾವಿಯ ನೀರನ್ನು ಎತ್ತುಗಳು ಎಳೆಯುತ್ತಿದ್ದವು. ಸೋಮವಾರ ಬಸವಣ್ಣನ ದಿನ. ಅಂದು ಆ ಸೀಮೆಯಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿನ ಕೆಲಸಕ್ಕೆ ಬಂದ ಯಂತ್ರಕ್ಕೂ ಅದೇ ಬಿಡುವು. ಸೋಮವಾರ ಬಂತೆಂದರೆ ರಾಜಮಹ್ಮದ ಅದರ ಬಾಲ ಮಡಚಿ ಹಗ್ಗ ಬಿಗಿದು ಚಕ್ರ ನಿಲ್ಲಿಸುತ್ತಿದ್ದ, ಶಿವಲಿಂಗವ್ವ ಕಂಬಕ್ಕೆ ವಿಭೂತಿ ಹಚ್ಚುತ್ತಿದ್ದಳು.

ಸಾಹೇಬರು ಪರೀಕ್ಷೆಗೆ ಬಂದದ್ದು ಸೋಮವಾರ. ನಿಂತ ಚಕ್ರ ನೋಡಿದರು, ಯಾರನ್ನೂ ಕೇಳಲಿಲ್ಲ. ‘ಆರ್ಥಿಕವಾಗಿ ಲಾಭದಾಯಕವಲ್ಲ’ ಎಂಬ ಮಾತನ್ನು ಜೀಪಿನಿಂದ ಇಳಿಯದೆಯೂ ಬರೆಯಬಹುದು.

ಈಗ ಲಾರಿಯ ಜೊತೆ ಸಾಹೇಬರು ಮತ್ತೆ ಬಂದದ್ದು ಗುರುವಾರ. ಚಕ್ರ ಗಿರ್ರನೆ ತಿರುಗುತ್ತಿತ್ತು, ತೊಟ್ಟಿ ತುಂಬಿ ಹೊರಚೆಲ್ಲುತ್ತಿತ್ತು.

“ಇದು ಲಾಭದ್ದಲ್ಲವ್ವಾ,” ಎಂದರು ಸಾಹೇಬರು. “ಡೀಸೆಲ್ ಇಂಜಿನ್ ಕೊಡ್ತೇವಿ.”

“ಅದರ ಬಾಯಿಗಿ ಎಣ್ಣಿ? ಹುನಗುಂದದಿಂದ ಡಬ್ಬಿ ಹೊತ್ತು ತರಾವ್ರ್ಯಾರ್ರಿ? ಗಾಳಿ ಬಸ್ಸಿಗಿ ಕಾಯಂಗಿಲ್ಲ.”

“ತಿರುಗಂಗಿಲ್ಲಂತ ಮ್ಯಾಲ ವರದಿ ಹೋಗೇತಿ.”

“ತಲಿ ಎತ್ತಿ ನೋಡ್ರಿ.”

“ಅವತ್ತ ನೋಡೇನಿ. ನಿಂತಿತ್ತು.”

“ಸೋಮವಾರ ನಮ್ಮ ಎತ್ತೂ ನಿಂತಿರ್ತಾವು. ಸತ್ತಾವಂತ ಬರಿತೀರೇನು?”

ರಾಜಮಹ್ಮದ ನಕ್ಕ. “ಅಕ್ಕಾ, ರವಿವಾರ ಇವರ ಆಫೀಸಿಗೂ ಕೀಲಿ ಇರ್ತೈತಿ. ಲಾರಿ ಹೆಂಗೂ ಬಂದೈತಿ, ಅದನ್ನೂ ಬಿಚ್ಚಿ ಹೇರ್ಕೊಂಡು ಹೋಗ್ಲಿ ಬಿಡು.”

ಲಾರಿಯ ಆಳುಗಳೂ ನಕ್ಕರು. ಸಾಹೇಬರು ಅವರಿಗೆ ಮೇಲೆ ಹತ್ತಲು ಹೇಳಿದರು. ಒಬ್ಬನೂ ಕದಲಲಿಲ್ಲ.

“ತಿರುಗೂ ಚಕ್ರದಾಗ ಕೈ ಹೆಂಗ ಇಡೂದ್ರಿ?” ಎಂದ ಒಬ್ಬ ಆಳು.

ತಿರುಗುವುದಿಲ್ಲ ಎಂದು ಬರೆದ ಅದೇ ಕೈಯನ್ನು ಶಿವಲಿಂಗವ್ವನ ಕಡೆ ಚಾಚಿ ಸಾಹೇಬರು ಕೂಗಿದರು: “ಹಗ್ಗ ಕಟ್ಟು! ನಿಲ್ಸು ಅದನ್ನ!”

ಶಿವಲಿಂಗವ್ವ ಹಗ್ಗವನ್ನು ಸುರುಳಿ ಸುತ್ತಿ ಕಂಬದ ಬುಡಕ್ಕೆ ಹಾಕಿ, ಅದರ ಮೇಲೆ ಕುಳಿತಳು.

“ಇವತ್ತ ಸೋಮವಾರ ಅಲ್ರಿ. ನಾ ಕಟ್ಟಂಗಿಲ್ಲ.”