ಸೋರಿದ್ದಲ್ಲ, ಕರಗಿದ್ದು

ಆ ಸಂಶೋಧನಾಲಯದಲ್ಲಿ ಎಲ್ಲರೂ ಅವಳನ್ನು ಸೂಜಿ ಮೇಡಂ ಅನ್ನುತ್ತಿದ್ದರು. ನೆಲಮಾಳಿಗೆಯ ಕೊನೆಯ ಕೋಣೆ ಅವಳದು. ಅಲ್ಲಿ ಕಿಟಕಿಯಿಲ್ಲ. ಮೇಜಿನ ಮೇಲೊಂದು ಸೂಕ್ಷ್ಮದರ್ಶಕ, ಗೋಡೆಗೆ ತಾಗಿಸಿಟ್ಟ, ಗಾಳಿಯಾಡದ ಗಾಜಿನ ಪೆಟ್ಟಿಗೆ, ಒಳಗೆ ಕೈ ಹಾಕಲು ಅದಕ್ಕೆ ಜೋತುಬಿದ್ದ ಎರಡು ಕಪ್ಪು ರಬ್ಬರ್ ಕೈಗವಸು. ಬೆಳಿಗ್ಗೆ ಒಳಗೆ ಹೋದರೆ ಹೊರಗೆ ಬಿಸಿಲಿದೆಯೋ ಮೋಡವಿದೆಯೋ ಅವಳಿಗೆ ತಿಳಿಯುವುದು ಸಂಜೆ ಮೆಟ್ಟಿಲು ಹತ್ತಿದ ಮೇಲೆಯೇ.

ಅವಳ ಕೆಲಸವನ್ನು ಬಾಯಲ್ಲಿ ಹೇಳುವುದು ಸುಲಭ. ಮುಷ್ಟಿಯಷ್ಟು ದಪ್ಪದ ಉಕ್ಕಿನ ಡಬ್ಬಿ, ಅದರೊಳಗೆ ಮೊನೆಗೆ ಮೊನೆ ತಾಗುವಂತೆ ಕೂರಿಸಿದ ಎರಡು ವಜ್ರ. ನಡುವೆ ಒಂದು ತಗಡು, ತಗಡಿನಲ್ಲಿ ಕೂದಲೆಳೆಗಿಂತ ಸಣ್ಣ ತೂತು. ಆ ತೂತಿನೊಳಗೆ ಲೋಹದ ಚೂರೊಂದನ್ನು ಸೂಜಿಯ ಮೊನೆಯಿಂದ ಇಳಿಸಬೇಕು. ಆಮೇಲೆ ಡಬ್ಬಿಯ ನಾಲ್ಕು ಸ್ಕ್ರೂಗಳನ್ನು ಒಂದೊಂದು ಕಾಲು ಸುತ್ತು ತಿರುಗಿಸುತ್ತ ಹೋದರೆ, ನಾವು ಉಸಿರಾಡುವ ಗಾಳಿಯ ಒತ್ತಡಕ್ಕಿಂತ ಹತ್ತು ಲಕ್ಷ ಪಟ್ಟು ಹೆಚ್ಚಿನ ಒತ್ತಡ ಆ ಚೂರಿನ ಮೇಲೆ ಬೀಳುತ್ತದೆ. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು. ಅವರ ಕೈಯೇ ಇವಳಿಗೆ ಬಂದಿತ್ತು. ಅವಳು ಕೂರಿಸಿದ ಚೂರು ಜಾರಿತು ಅನ್ನುವ ಮಾತು ಹತ್ತೊಂಬತ್ತು ವರ್ಷಗಳಲ್ಲಿ ಒಂದೇ ಒಂದು ಸಲ ಬಂದದ್ದು.

ಅದು ಹನ್ನೆರಡು ವರ್ಷದ ಹಿಂದಿನ ಮಾತು. ಆಗ ಅವಳಿಗೆ ಮೂವತ್ತೆಂಟು.

ಆಗ ಎಕ್ಸ್-ರೇ ಯಂತ್ರ ನೋಡಿಕೊಳ್ಳುತ್ತಿದ್ದವನೊಬ್ಬನಿದ್ದ. ಅಷ್ಟುದ್ದದ ಆಳು, ನೆಲಮಾಳಿಗೆಯ ಬಾಗಿಲುಗಳಿಗೆಲ್ಲ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಹಾಗಾಗಿ ಅವನಿಗೆ ಒಂಟೆ ಅಂತ ಹೆಸರು ಬಿದ್ದಿತ್ತು. ಅವನೂ ಆ ಹೆಸರಿಗೆ ಓಗೊಡುತ್ತಿದ್ದ. ಮಧ್ಯಾಹ್ನ ಇಬ್ಬರೂ ಒಂದೇ ಮೇಜಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದರು. ಒಂದು ದಿನ ಅವನು ಚಮಚದಿಂದ ತಟ್ಟೆಯ ಅಂಚನ್ನು ಕೆರೆಯುತ್ತ, "ನಿಮ್ಮ ಅಪ್ಪನ ಹತ್ರ ಒಂದ್ಸಲ ಬಂದು ಮಾತಾಡ್ಲಾ?" ಅಂದಿದ್ದ. ಅವಳಿಗೆ ಅರ್ಥವಾಗದೆ ಇರಲಿಲ್ಲ. "ಗಡಿಯಾರ ಕೆಟ್ಟಿದ್ಯಾ?" ಅಂತ ನಕ್ಕು, ಒಂದು ವಾರ ತಡೀರಿ ಅಂದಳು.

ಆ ವಾರವೇ ಸೋಡಿಯಂನ ಸರದಿ ಬಂತು. ಸೋಡಿಯಂ ಅಂದರೆ ಬೆಣ್ಣೆಯ ಹಾಗೆ ಚಾಕುವಿನಲ್ಲಿ ಕತ್ತರಿಸಬಹುದಾದ ಲೋಹ. ನೀರು ಕುದಿಯುವುದಕ್ಕೆ ಎರಡು ಡಿಗ್ರಿ ಮುಂಚೆಯೇ ಅದು ಕರಗಿಬಿಡುತ್ತದೆ. ಆದರೆ ಸಾಮಾನ್ಯವಾಗಿ ಯಾವ ಲೋಹವನ್ನೇ ಆಗಲಿ ಒತ್ತಿದಷ್ಟೂ ಅದರ ಪರಮಾಣುಗಳು ಒಂದಕ್ಕೊಂದು ಅಂಟಿ ಕೂರುತ್ತವೆ, ಕರಗಿಸುವುದು ಕಷ್ಟವಾಗುತ್ತದೆ. ಮೂರು ಲಕ್ಷ ಪಟ್ಟು ಒತ್ತಡದಲ್ಲಿ ಅದೇ ಸೋಡಿಯಂ ಏಳುನೂರು ಡಿಗ್ರಿಗೂ ಜಗ್ಗಲಿಲ್ಲ. ಇನ್ನೂ ಒತ್ತಿದರೆ ಇನ್ನೂ ಗಟ್ಟಿಯಾಗುತ್ತದೆ ಅಂತ ವಿಭಾಗದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ದೊಡ್ಡವರು, ಲೆಕ್ಕ ಹಾಕಿಟ್ಟಿದ್ದರು. ಅವರ ಮಾತಿಗೆ ಎದುರಾಡುವವರು ಆ ಕಟ್ಟಡದಲ್ಲೇ ಇರಲಿಲ್ಲ.

ಒತ್ತಡ ಹನ್ನೊಂದು ಲಕ್ಷ ದಾಟಿದಾಗ ಡಬ್ಬಿಯ ಕಾವು ಬರೀ ತೊಂಬತ್ತು ಡಿಗ್ರಿ. ಲೋಹ ಘನವಾಗಿದ್ದರೆ, ಎಕ್ಸ್-ರೇ ಹಾಯಿಸಿದಾಗ ಪರದೆಯ ಮೇಲೆ ಚುಕ್ಕೆಗಳು ಕಾಣಬೇಕು. ಅವಳು ನೋಡುತ್ತಿದ್ದಂತೆ ಚುಕ್ಕೆಗಳು ಒಂದೊಂದಾಗಿ ಅಳಿಸಿಹೋಗಿ, ಮಬ್ಬಾದ ಒಂದು ಉಂಗುರ ಮಾತ್ರ ಉಳಿಯಿತು.

"ಕರಗಿತು," ಅಂದಳು ಅವಳು.

ದೊಡ್ಡವರು ಕನ್ನಡಕ ಮೇಲೆತ್ತಿದರು. "ತೂತಿನಿಂದ ಸೋರಿದೆ. ಆ ಮಬ್ಬು ವಜ್ರದ್ದು."

"ಇಲ್ಲ ಸಾರ್, ನಾನು ಕೂರಿಸಿದ್ದು ಅಲ್ಲಾಡಿಲ್ಲ. ಒತ್ತಡ ಸ್ವಲ್ಪ ಇಳಿಸಿ ನೋಡೋಣ. ಸೋರಿದ್ರೆ ಚುಕ್ಕೆ ಮತ್ತೆ ಬರಲ್ಲ. ಕರಗಿದ್ರೆ ಬರುತ್ತೆ."

"ಅಮ್ಮಾ, ಒತ್ತದೆ ಹಾಗೇ ಇಟ್ರೂ ತೊಂಬತ್ತಕ್ಕೆ ಅದು ಕರಗಲ್ಲ. ಇಷ್ಟು ಒತ್ತಿದ ಮೇಲೆ ಕರಗುತ್ತಾ? ಕೈ ತಪ್ಪಿದೆ, ತಪ್ಪಿದೆ ಅನ್ನಿ. ಅದರಲ್ಲಿ ನಾಚಿಕೆ ಏನು?"

ಅವಳು ಒಂಟೆಯ ಮುಖ ನೋಡಿದಳು. ಅವನೂ ಪರದೆಯ ಮುಂದೆಯೇ ಕೂತಿದ್ದ, ಕಣ್ಣಾರೆ ಕಂಡಿದ್ದ. ಅವನು ತನ್ನ ಬೂಟಿನ ಲಾಡಿ ನೋಡಿಕೊಳ್ಳುತ್ತಿದ್ದ.

ಮರುದಿನ ಅವಳು ಬರುವ ಹೊತ್ತಿಗೆ ಡಬ್ಬಿ ಬಿಚ್ಚಿ ತೊಳೆದಿಟ್ಟಾಗಿತ್ತು. ಪ್ರಯೋಗದ ಪುಸ್ತಕದಲ್ಲಿ ಒಂದು ಸಾಲು: 'ಮಾದರಿ ಸೋರಿತು. ಕಾರಣ, ಕೈತಪ್ಪು.' ದುಂಡನೆಯ ಅಕ್ಷರ. ಒಂಟೆಯ ಕೈಬರಹ.

ಅವಳು ಜಗಳವಾಡಲಿಲ್ಲ. ಅವತ್ತಿನಿಂದ ಊಟದ ಡಬ್ಬಿಯನ್ನು ಮೆಟ್ಟಿಲ ತಿರುವಿಗೆ ಒಯ್ದು ಅಲ್ಲೇ ಕೂತು ಉಂಡಳು. ಮೂರು ಸಲ ಅವನು ಮಾತಾಡಿಸಲು ಬಂದ. ಮೂರು ಸಲವೂ ಅವಳು, "ಕೆಲಸ ಇದೆ," ಅಂದಳು. ಎರಡು ವರ್ಷಕ್ಕೆ ಅವನು ಬೇರೆ ಊರಿನ ಕೆಲಸ ಹಿಡಿದು ಹೋದ. ನಡುವೆ ಅಪ್ಪ ತೀರಿಕೊಂಡರು. ತಂಗಿ ಮದುವೆಯಾಗಿ ದೂರವಿದ್ದಳು, ಭಾನುವಾರ ಫೋನ್ ಮಾಡಿ ಕಿಟಕಿಯ ಪರದೆ, ಗಂಡನ ಗೊರಕೆ, ಪಕ್ಕದ ಮನೆಯವರ ನಾಯಿ ಅಂತ ಒಂದೂ ಬಿಡದೆ ಹೇಳಿ, "ನಿಂದೇನೇ ವಿಶೇಷ ಅಕ್ಕಾ?" ಅಂತ ಕೊನೆಗೆ ಕೇಳುತ್ತಿದ್ದಳು. "ನಂದೇನಿರುತ್ತೆ," ಅನ್ನುವುದು ಇವಳ ಉತ್ತರ. ವಾರದಲ್ಲಿ ಎಷ್ಟೋ ದಿನ ಬಸ್ಸಿನ ಕಂಡಕ್ಟರನಿಗೆ ಇಳಿಯುವ ಜಾಗ ಹೇಳಿದ್ದೇ ಅವಳು ಕೆಲಸದ ಆಚೆ ಆಡಿದ ಮಾತು.

ಈ ವರ್ಷ ವಿಭಾಗಕ್ಕೆ ಹೊಸ ಸಂಶೋಧಕಿಯೊಬ್ಬಳು ಬಂದಳು. ಮೂವತ್ತರ ಆಸುಪಾಸು, ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿಯುವವಳು. ಒಂದು ಬೆಳಿಗ್ಗೆ ಕೈಯಲ್ಲಿ ನಾಲ್ಕು ಹಾಳೆ ಹಿಡಿದು ಏದುಸಿರು ಬಿಡುತ್ತ ಬಂದಳು.

"ಮೇಡಂ, ಇದನ್ನ ನೋಡಿದ್ರಾ? ಬೇರೆ ಕಡೆಯವ್ರು ಅಳೆದಿದ್ದಾರೆ. ಸೋಡಿಯಂ ಕರಗೋ ಬಿಂದು ಮೂರು ಲಕ್ಷದವರೆಗೆ ಏರುತ್ತಂತೆ, ಆಮೇಲೆ ತಿರುಗಿ ಇಳಿಯೋಕೆ ಶುರು ಮಾಡುತ್ತಂತೆ. ಹನ್ನೆರಡು ಲಕ್ಷದ ಹತ್ತಿರ ಬಂದ್ರೆ ಈ ಕೋಣೆಯ ಶಾಖಕ್ಕೇ ನೀರಾಗಿಬಿಡುತ್ತಂತೆ! ನಮ್ಮಲ್ಲಿ ಯಾರಾದ್ರೂ ಅಷ್ಟು ದೂರ ಹೋಗಿದ್ರಾ?"

ಸೂಜಿ ಮೇಡಂ ಹಾಳೆಗಳನ್ನು ಈಸಿಕೊಂಡಳು. ಕೊನೆಯ ಪುಟದಲ್ಲಿ ಏರಿ ಇಳಿದ ಒಂದು ಗೆರೆ. ಹನ್ನೊಂದು ಲಕ್ಷದ ಜಾಗಕ್ಕೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು. ಹೊಸಬಳು ಎರಡು ಸಲ ಕರೆದ ಮೇಲೆ ಎದ್ದು ಕಪಾಟಿನಿಂದ ಹಳೆಯ ಪುಸ್ತಕ ತೆಗೆದು ಆ ಪುಟ ಬಿಚ್ಚಿ ಮುಂದಿಟ್ಟಳು.

"ಇಲ್ಲಿ ಸೋರಿತು ಅಂತ ಬರೆದಿದೆಯಲ್ಲ?"

"ಬರೆದಿದೆ," ಅಂದಳು. "ಸೋರಿರಲಿಲ್ಲ."

ಹೊಸಬಳು ಅವಳ ಮುಖ ನೋಡಿದಳು. "ಹಾಗಾದ್ರೆ ಇನ್ನೊಂದ್ಸಲ ಮಾಡೋಣ," ಅಂದಳು.

ಮೊದಲ ಸಲ ಒಂಬತ್ತು ಲಕ್ಷಕ್ಕೇ ವಜ್ರ ಟಿಕ್ ಎಂದು ಒಡೆಯಿತು. ಒಳಗೆ ಬೂದಿಯಂಥ ಪುಡಿ. ಎರಡನೆಯ ಸಲ ಚೂರು ಇಳಿಸುವಾಗ ಸೂಜಿ ತೂತಿನ ಅಂಚಿಗೆ ತಾಗಿತು. ವಯಸ್ಸು ಅವಳ ಕಣ್ಣನ್ನೂ ಬಿಟ್ಟಿರಲಿಲ್ಲ, ಕೈಯನ್ನೂ ಬಿಟ್ಟಿರಲಿಲ್ಲ. ಅವಳು ಕೈಗವಸಿನಿಂದ ಕೈ ಹೊರಗೆಳೆದು, ತಣ್ಣೀರಲ್ಲಿ ತೊಳೆದುಕೊಂಡು, ಗೋಡೆಗೊರಗಿ ಐದು ನಿಮಿಷ ಕಣ್ಣು ಮುಚ್ಚಿದಳು. ಮತ್ತೆ ಬಂದು ಸೋಡಿಯಂ ತುಂಡನ್ನು ಹೊಸದಾಗಿ ಕತ್ತರಿಸಿದಳು. ಒಳಮೈ ಬೆಳ್ಳಿಯಂತೆ ಥಳಥಳಿಸಿತು. ಚೂರು ತೂತಿನಲ್ಲಿ ಸರಿಯಾಗಿ ಕೂತಿತು.

ಮೂರು ದಿನ ಕಾಲು ಕಾಲು ಸುತ್ತು. ಹತ್ತು ಲಕ್ಷ. ಹತ್ತೂವರೆ. ನಾಲ್ಕನೆಯ ದಿನ ಮಧ್ಯಾಹ್ನ, ಹನ್ನೊಂದು ದಾಟಿದ ಮೇಲೆ, ತೊಂಬತ್ತು ಡಿಗ್ರಿಯಲ್ಲಿ, ಚುಕ್ಕೆಗಳು ಅಳಿಸಿಹೋಗಿ ಉಂಗುರ ಉಳಿಯಿತು.

"ಈಗ ಇಳಿಸಿ," ಅಂದಳು ಸೂಜಿ ಮೇಡಂ.

ಹೊಸಬಳು ಸ್ಕ್ರೂಗಳನ್ನು ಸಡಿಲಿಸಿದಳು. ಹತ್ತು. ಒಂಬತ್ತೂವರೆ. ಉಂಗುರದೊಳಗೆ ಎಲ್ಲೋ ಒಂದು ಚುಕ್ಕೆ ಮಿನುಗಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲವೂ, ಮುಂಚೆ ಇದ್ದದ್ದು ಇದ್ದ ಹಾಗೆ. ಹೊಸಬಳು ಕೂಗಿಕೊಂಡೇ ಮೆಟ್ಟಿಲು ಹತ್ತಿ ಓಡಿದಳು, ಯಾರಿಗಾದರೂ ಹೇಳದಿದ್ದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಇವಳು ಅಲ್ಲೇ ಕೂತಳು. ಓಡಿಹೋಗಿ ಹೇಳೋಣವೆಂದರೆ ಅಪ್ಪ ಇಲ್ಲ. ದೊಡ್ಡವರು ಹೋದ ವರ್ಷವೇ ತೀರಿಕೊಂಡಿದ್ದರು. ನೆನಪಾದ ಮುಖ ಇನ್ನು ಒಂದೇ.

ಒಂಟೆಯ ನಂಬರ್ ಕಚೇರಿಯ ಹಳೆಯ ಪಟ್ಟಿಯಲ್ಲಿತ್ತು. ಮೂರನೆಯ ರಿಂಗಿಗೆ ಎತ್ತಿದ.

"ನಾನು," ಅಂದಳು. "ಅವತ್ತು ಅದು ಕರಗಿತ್ತು. ಇವತ್ತು ಇಳಿಸಿ ನೋಡಿದ್ವಿ, ಚುಕ್ಕೆ ವಾಪಸ್ ಬಂತು."

ಆ ಕಡೆ ಅವನು ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ನಂಗೆ ಗೊತ್ತಿತ್ತು," ಅಂದ ಅವನು. "ಮಾರನೇ ಬೆಳಿಗ್ಗೆ, ನೀವು ಬರೋ ಮುಂಚೆ, ನಾನೊಬ್ಬನೇ ಇಳಿಸಿ ನೋಡ್ದೆ. ಬಂದಿತ್ತು. ಆ ಚಿತ್ರ ಇನ್ನೂ ನನ್ನ ಹತ್ರಾನೇ ಇದೆ."

ಮುಂದಿನ ಬುಧವಾರ ಅವನೇ ತಂದುಕೊಟ್ಟ. ಕೂದಲು ಪೂರ್ತಿ ನರೆತಿತ್ತು; ಬಾಗಿಲಿಗೆ ಈಗ ತಲೆ ತಗ್ಗಿಸುವ ಅಗತ್ಯವೇ ಇರಲಿಲ್ಲ, ಬೆನ್ನೇ ಬಾಗಿತ್ತು. ಕ್ಯಾಂಟೀನಿನ ಮೇಜಿನ ಮೇಲೆ ಲಕೋಟೆ ಇಟ್ಟ. ಒಳಗೆ ತಾರೀಕು ಹಾಕಿದ ಚಿತ್ರ, ಚುಕ್ಕೆಗಳು ಸ್ಪಷ್ಟ.

"ಅವತ್ತು ನನ್ನ ಕೆಲಸ ಕಾಯಂ ಆಗಿರಲಿಲ್ಲ," ಅಂದ. "ದೊಡ್ಡವರ ಸಹಿ ಬೇಕಿತ್ತು. ಕಾಯಂ ಆದ್ರೆ ತಾನೆ ನಿಮ್ಮಪ್ಪನ ಮುಂದೆ ಹೋಗಿ ನಿಲ್ಲೋದು ಅಂದ್ಕೊಂಡೆ. ಸಹಿ ಆದ ಮೇಲೆ ಎಲ್ಲ ಹೇಳ್ತೀನಿ ಅಂತ ಬಂದೆ. ಮೂರು ಸಲ ಬಂದೆ."

"ಕೈತಪ್ಪು ಅಂತ ಬರೆದ್ರಲ್ಲ. ನನ್ನ ಕೈ."

"ಹೌದು."

"ಬೇರೆ ಏನಾದ್ರೂ ಬರೀಬಹುದಿತ್ತು. ವಜ್ರದ ದೋಷ ಅಂತ ಬರೀಬಹುದಿತ್ತು."

"ಬರೀಬಹುದಿತ್ತು," ಅಂದ ಅವನು. ಚಹಾ ಆರಿ ಕೆನೆಗಟ್ಟಿತು. ಅವನಿಗೆ ಸಂಸಾರವಿದೆಯೋ ಇಲ್ಲವೋ ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದಳು. ಹತ್ತುವ ಮುಂಚೆ ಅವನು ಏನೋ ಹೇಳಲು ಬಾಯಿ ತೆರೆದ. ಹಿಂದಿನವರು ಅವಸರ ಮಾಡಿದರು, ಒಳಗೆ ಹೋದ.

ಪ್ರಬಂಧ ಅಚ್ಚಾದಾಗ ಅದರಲ್ಲಿ ಅವಳ ಹೆಸರಿತ್ತು, ಹಳೆಯ ಚಿತ್ರವೂ ತಾರೀಕಿನ ಸಮೇತ ಇತ್ತು. ಹೊಸಬಳು ಹಳೆಯ ಪುಸ್ತಕದ ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ 'ಮಾದರಿ ಕರಗಿತ್ತು' ಎಂದು ಬರೆದು ಸಹಿ ಮಾಡಿದಳು. ಮೇಲಿನ ಮಹಡಿಯವರು ಇಳಿದು ಬಂದು ಕೈ ಕುಲುಕಿದರು. ಅವಳು ಎಲ್ಲರಿಗೂ ನಕ್ಕಳು. ಮನೆಗೆ ಬಂದು ಚಪ್ಪಲಿ ಬಿಟ್ಟು ಕುರ್ಚಿಯಲ್ಲಿ ಕೂತಾಗ ಎದೆ ಬರಿದೆನಿಸಿತು. ಇಷ್ಟು ವರ್ಷ ಒಳಗೆ ಒಂದು ಸಿಟ್ಟಿತ್ತು. ಅಡುಗೆ ಮಾಡುವಾಗ, ಬಟ್ಟೆ ಮಡಚುವಾಗ ಅದರ ಜೊತೆಯೇ ಅವಳ ವಾದ, ಪ್ರತಿವಾದ ನಡೆಯುತ್ತಿತ್ತು. ಈಗ ಅದೂ ಮನೆಯಲ್ಲಿರಲಿಲ್ಲ.

ಭಾನುವಾರ ತಂಗಿ ಫೋನ್ ಮಾಡಿದಳು. ನಾಯಿಯ ಕತೆ ಮುಗಿಸಿ ಎಂದಿನಂತೆ ಕೇಳಿದಳು, "ನಿಂದೇನೇ ವಿಶೇಷ ಅಕ್ಕಾ?"

"ಒಬ್ಬರು ಬಂದಿದ್ರು, ಆಗ್ಲೇ ಕೆಲವು ತಿಂಗಳಾಯ್ತು," ಅಂದಳು ಅವಳು.

"ಯಾರೇ?"

"ಹಿಂದೆ ನಮ್ಮಲ್ಲಿ ಕೆಲಸಕ್ಕಿದ್ದವರು. ಅಪ್ಪನ್ನ ಕೇಳೋಕೆ ಬರಬೇಕಂತಿದ್ರು. ನನ್ನ ವಿಷಯಕ್ಕೆ."

ತಂಗಿಯ ಮನೆಯಲ್ಲಿ ಟಿವಿ ಓಡುತ್ತಿತ್ತು. ಅದರ ಸದ್ದನ್ನು ಅವಳು ಪೂರ್ತಿ ಇಳಿಸಿದ್ದು ಇಲ್ಲಿಗೆ ಕೇಳಿಸಿತು. "ಹೇಳೇ," ಅಂದಳು. "ಮೊದಲಿಂದ ಹೇಳು. ನಾನು ಕೂತ್ಕೊಂಡಿದ್ದೀನಿ."

ಅಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು. ಎಲ್ಲಿಂದ ಶುರುಮಾಡುವುದೆಂದು ಅವಳಿಗೆ ತಕ್ಷಣ ತೋಚಲಿಲ್ಲ.