ಹಾಲ್ಸಿಗೆ ಒಂದು ಓಟು

ಮುಂದೆ ನಿಂತವಳ ಟೋಪಿಯ ಗರಿ ಮೂಗಿಗೆ ತಾಗುತ್ತಿದೆ, ಓಟಿಗೆ ಬಂದಳೋ ಮದುವೆಗೆ ಬಂದಳೋ, ನಾನೇನು ಕಡಿಮೆ, ನನ್ನ ತಲೆಯ ಮೇಲೂ ಭಾನುವಾರದ ಟೋಪಿಯೇ, ಅವ್ವ ಹೇಳುತ್ತಿದ್ದಳು, ಚರ್ಚಿಗೆ ಹೋದಂಗೆ ಹೋಗ್ಬೇಕು ಕಣೇ ಓರ್ಲೀನ್ — ಎರಡು ತಾಸಾಯಿತು, ಮೊಣಕಾಲು ಸಿಡಿಯುತ್ತಿದೆ, ನಮ್ಮೂರಿನ ಮತಗಟ್ಟೆ ಮುಚ್ಚಿಸಿದ ಆ ಪ್ರೂಯಿಟ್‌ನ ಮನೆ ಹಾಳಾಗ, ಚರ್ಚಿನ ಬಸ್ಸಿನಲ್ಲಿ ಹದಿನೆಂಟು ಮೈಲಿ ಬರಬೇಕಾಯಿತು, ಈ ಸಲವೂ ಅವನು ಚುನಾವಣೆಗೆ ನಿಂತಿದ್ದಾನೆ. ಕೈಚೀಲದಲ್ಲಿ ಪಾಸ್ಟರ್ ಕೊಟ್ಟ ಗುಲಾಬಿ ಚೀಟಿ, ಯಾರಿಗೆ ಹಾಕಬೇಕೆಂದು ಗುರುತು ಮಾಡಿದ್ದು, ನಲವತ್ತು ವರ್ಷ ಚೀಟಿ ಮೀರಿದವಳಲ್ಲ, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದ್ರೆ ನಮ್ಮನ್ನ ಯಾರು ಕೇಳ್ತಾರೆ ಸಿಸ್ಟರ್, ಅನ್ನುತ್ತಾರೆ ಪಾಸ್ಟರ್, ಸರಿಯಪ್ಪ, ಆದರೆ ಈ ಸಲದ ಗುರುತು ಹಾಲ್ಸಿಯ ಹೆಸರಿನ ಮುಂದೆ, ಆ ಬಿಳಿಯನ ಹೆಸರಿನ ಮುಂದೆ! ಕರಿಯರ ಹೆಸರು ಮತಪಟ್ಟಿಗೆ ಸೇರಬೇಕೋ ಬೇಡವೋ ಎಂದು ಕೋರ್ಟಿನ ಮೇಜಿನ ಹಿಂದೆ ಕೂತು ತೀರ್ಮಾನಿಸುತ್ತಿದ್ದವನು ಇವನ ತಾತನೇ — ಅಪ್ಪ ಒಂದು ತಿಂಗಳು ಅಕ್ಷರ ತಿದ್ದಿ ಅರ್ಜಿ ತುಂಬಿದ್ದ, ನನಗೆ ಒಂಬತ್ತು, ಬಾಗಿಲಲ್ಲಿ ನಿಂತಿದ್ದೆ, ಆತ ಪೀಚ್ ಹಣ್ಣು ತಿಂದು ಮುಗಿಸಿ ರಸದ ಕೈಯನ್ನು ಅಪ್ಪನ ಅರ್ಜಿಗೇ ಒರೆಸಿದ, ಒಂದೊಂದೇ ಬೆರಳು, ಗಲೀಜಾಗಿದೆಯಲ್ಲೋ, ಮುಂದಿನ ತಿಂಗಳು ಬಾ ಹೋಗು. ಆಗ್ಲಿ ಸಾರ್ ಎಂದ ಅಪ್ಪ. ಮುಂದಿನ ತಿಂಗಳು, ಅದರ ಮುಂದಿನ ತಿಂಗಳು, ಓಟಿನ ಕಾನೂನು ಬದಲಾಗುವ ಮುಂಚೆಯೇ ಗರಗಸದ ಮಿಲ್ಲಿನಲ್ಲಿ ಸತ್ತ, ಒಂದು ಓಟೂ ಹಾಕಲಿಲ್ಲ.

ಹೋದ ಭಾನುವಾರ ಆತನ ಮೊಮ್ಮಗ, ಈ ಹಾಲ್ಸಿ, ನಮ್ಮ ಚರ್ಚಿಗೆ ಬಂದಿದ್ದ, ಹಾಡಿಗೆ ಚಪ್ಪಾಳೆ ತಟ್ಟಲೂ ಬಾರದು, ನನ್ನ ಸೊಪ್ಪಿನ ಪಲ್ಯ ಬಡಿಸಿಕೊಂಡು, ನಿಮ್ಮ ಕೈರುಚಿ ಬಿಡಿ ಮೇಡಂ, ನಮ್ಮಮ್ಮನ ಥರ — ಕೈ ಕುಲುಕಿದ, ತಾತನದೇ ಉದ್ದನೆಯ ಬೆರಳುಗಳು. ನಮ್ಮ ತಾತ ತಪ್ಪು ಮಾಡಿದ್ರು ಎಂದು ಒಂದು ಮಾತು? ಇಲ್ಲ. ಇವತ್ತು ಬರುವಾಗ ಬಸ್ಸಿನಲ್ಲಿ ಪಾಸ್ಟರಿಗೆ ಇದನ್ನು ಹೇಳಿದರೆ, ತಾತನ ಪಾಪ ಮೊಮ್ಮಗನ ತಲೆಗೆ ಕಟ್ತೀರಾ ಸಿಸ್ಟರ್, ಹೌದು ಕಟ್ತೀನಿ, ಬಾಯಿ ಬಿಡೋವರೆಗೂ ಕಟ್ತೀನಿ, ಎಂದೆ. ಆದರೆ ಪ್ರೂಯಿಟ್ ಗೆದ್ದರೆ ಇದೊಂದು ಮತಗಟ್ಟೆಯೂ ಹೋಗುತ್ತದೆ, ಖಾಲಿ ಬಿಟ್ಟರೂ ಅವನಿಗೇ ಲಾಭ, ಅತ್ತ ದರಿ ಇತ್ತ ಪುಲಿ — ಕಾಗದ ಕೈಗೆ ಬಂತು, ಪೆನ್ನು ಬಂತು, ತಗೋ ಮಹರಾಯ, ತಗೊಂಡು ಸಾಯಿ, ಪ್ರೀತಿಯಿಂದ ಕೊಟ್ಟಿದ್ದಲ್ಲ, ಹಾಲ್ಸಿಯ ಹೆಸರಿನ ಪಕ್ಕದ ವೃತ್ತ ಪೆನ್ನಿನಡಿ ಕಪ್ಪಾಯಿತು, ಯಂತ್ರ ಕಾಗದ ನುಂಗಿತು, ಥ್ಯಾಂಕ್ಸ್ ಅಮ್ಮಾ, ಹುಷಾರಾಗಿ ಹೋಗಿ, ಎಂದ ಮತಗಟ್ಟೆಯ ಹುಡುಗ, ಬಸ್ಸಿನಲ್ಲಿ ಎಲ್ಲರೂ ಹಾಡುತ್ತಿದ್ದಾರೆ, ನನ್ನ ಕಣ್ಣ ಮುಂದೆ ಅದೇ ಅರ್ಜಿ, ಅಪ್ಪನ ಅಕ್ಷರದ ಮೇಲೆ ಒದ್ದೆ ಹೆಬ್ಬೆರಳು, ಆಮೇಲೆ ತೋರುಬೆರಳು, ಆಮೇಲೆ —